ಶಿರಸಿ ಕಡೆ ಎರಡು ರಾತ್ರಿ: ಏನು ನೋಡಲಿ, ಏನು ಬಿಡಲಿ?

ಬೆಣ್ಣೆನಗರಿ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಕೊನೆಗೆ ನಮ್ಮ ಮದುವೆಯಾಗಿ ಇಪ್ಪತ್ತು ವರ್ಷ ತುಂಬುತ್ತದೆ. ಅಕ್ಟೋಬರ್‌ನಲ್ಲಿ ಅದ್ಯಾವ ಮುಹೂರ್ತ ಅಂತ ಕೇಳಬೇಡಿ. ನಮ್ಮದು ರಿಜಿಸ್ಟರ್ ಮದುವೆ. ಸಬ್ ರಿಜಿಸ್ಟ್ರಾರ್ ಸಾಹೇಬರು ಕುರ್ಚಿಯಲ್ಲಿ ಸಿಕ್ಕ ದಿನವೇ ಮುಹೂರ್ತ. ಆಮೇಲೆ ಎರಡೂ ಮನೆಯವರ ಸಿಟ್ಟು ಇಳಿಸುವುದರಲ್ಲೇ ವರ್ಷ ಕಳೆಯಿತು. ಹನಿಮೂನ್ ಆಗಲೇ ಇಲ್ಲ. ಮಗಳು ಹುಟ್ಟಿದಳು, ಮನೆ ಸಾಲ ಬಂತು, ಅತ್ತೆಯವರ ಆಪರೇಷನ್ ಆಯಿತು. ಈಗ ಮಗಳು ಹಾಸ್ಟೆಲ್‌ನಲ್ಲಿದ್ದಾಳೆ. "ಇಬ್ಬರೂ ಎಲ್ಲಾದರೂ ಹೋಗಿ ಬನ್ನಿ, ನನಗೆ ದಿನಾ ಫೋನ್ ಮಾಡಬೇಡಿ" ಅಂತ ಅವಳೇ ಹೇಳಿದಳು.

ನಮ್ಮನೆಯವರದು ಸಣ್ಣ ಪ್ರಿಂಟಿಂಗ್ ಪ್ರೆಸ್. ಊರವರ ಮದುವೆ ಕಾರ್ಡೆಲ್ಲ ಅಚ್ಚು ಹಾಕುತ್ತಾರೆ, ಸ್ವಂತ ಮದುವೆಗೆ ಮಾತ್ರ ಒಂದು ಕಾರ್ಡೂ ಇಲ್ಲ. ತುಳಸಿ ಲಗ್ನ ಮುಗಿಯಿತು ಅಂದರೆ ಅವರಿಗೆ ಸೀಸನ್. ಆಮೇಲೆ ಊಟಕ್ಕೂ ಸರಿಯಾಗಿ ಮನೆಗೆ ಬರುವುದಿಲ್ಲ. ಹಾಗಾಗಿ ಹೋದರೆ ದೀಪಾವಳಿಗೆ ಮುಂಚಿನ ವಾರವೇ ಹೋಗಬೇಕು. ಈ ಸಲ ನಮ್ಮ ತಾರೀಕೂ ಅದೇ ವಾರದಲ್ಲಿದೆ. ಶುಕ್ರವಾರ ಬೆಳಗ್ಗೆ ಹೊರಟು ಭಾನುವಾರ ರಾತ್ರಿಗೆ ಮನೆ ಸೇರಬೇಕು. ಹಳೇ ವ್ಯಾಗನ್ ಆರ್ ಇದೆ, ಅವರೇ ಓಡಿಸುತ್ತಾರೆ.

ಅವರಿಗೆ ಬೇಕಾಗಿರುವುದು ಬಹಳ ಕಡಿಮೆ. ಬೆಳಗ್ಗೆ ಐದಕ್ಕೆ ಎಬ್ಬಿಸಬಾರದು. ಎಲ್ಲೂ ಕ್ಯೂನಲ್ಲಿ ನಿಲ್ಲಿಸಬಾರದು. ಮಧ್ಯಾಹ್ನ ಊಟ ಮಾಡಿ, ಹಸಿರು ಕಾಣುವ ಜಾಗದಲ್ಲಿ ಅಡ್ಡಾಗಬೇಕು. ನನ್ನ ಲೆಕ್ಕ ಬೇರೆ. ಅಷ್ಟು ದೂರ ಹೋಗಿ ಮಲಗುವುದಾದರೆ ಮನೆಯಲ್ಲೇ ಮಲಗಬಹುದಲ್ವಾ? ನನಗೆ ಒಂದು ಜಲಪಾತವಾದರೂ ಬೇಕು. ಸಹಸ್ರಲಿಂಗ ನೋಡಬೇಕು ಅಂತ ಬಹಳ ದಿನದ ಆಸೆ. ಯಾಣ, ಬನವಾಸಿ, ಸಾಧ್ಯವಾದರೆ ಇಳಿದು ಹೋಗಿ ಸಮುದ್ರ. ಕಾರವಾರದವರೆಗೆ ಹೋಗಬಹುದಾ ಅಂತಲೂ ಯೋಚನೆ ಇದೆ.

ಒಂದು ರೆಸಾರ್ಟಿಗೆ ಫೋನ್ ಮಾಡಿದ್ದೆ. ವಾರ್ಷಿಕೋತ್ಸವ ಅಂದಿದ್ದೇ ತಡ, ಪ್ಯಾಕೇಜ್ ವರ್ಣನೆ ಶುರುವಾಯಿತು. ಹಾಸಿಗೆ ತುಂಬಾ ಗುಲಾಬಿ ದಳ, ಟವೆಲ್ ಮಡಚಿ ಮಾಡಿದ ಜೋಡಿ ಹಂಸ, ಬಲೂನು, ಕೇಕು. ಎಲ್ಲದಕ್ಕೂ ಬೇರೆ ಬೇರೆ ದುಡ್ಡು. ಅದೆಲ್ಲ ಬೇಡಪ್ಪ, ಬೆಳಗ್ಗೆ ಬಿಸಿನೀರು ಬರುತ್ತಾ ಅಂತ ಕೇಳಿದೆ. "ಚೆಕ್ ಮಾಡಿ ಹೇಳ್ತೀವಿ ಮೇಡಂ" ಅಂದರು. ಇನ್ನೂ ಚೆಕ್ ಮಾಡುತ್ತಲೇ ಇದ್ದಾರೆ ಅಂತ ಕಾಣುತ್ತದೆ.

ಇನ್ನೊಂದು ವಿಷಯ. ನನಗೆ ಎಡಗಾಲಿನ ಮಂಡಿ ನೋವಿದೆ. ಸಪಾಟು ಜಾಗದಲ್ಲಿ ಎಷ್ಟು ಬೇಕಾದರೂ ನಡೆಯುತ್ತೇನೆ. ಮೆಟ್ಟಿಲು ಅಂದರೆ ಕಷ್ಟ, ಅದರಲ್ಲೂ ಇಳಿಯುವಾಗ.

ಆ ಭಾಗದವರು, ಹೋಗಿ ಬಂದವರು ಹೇಳಿ. ಶಿರಸಿಯಲ್ಲಿ ಉಳಿಯುವುದು ಒಳ್ಳೆಯದಾ, ಕಾರವಾರದಲ್ಲಾ? ಆ ಹೊತ್ತಿಗೆ ಮಳೆ ನಿಂತಿರುತ್ತದಾ? ಮೇಲೆ ಹೇಳಿದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ?

ಬುಲೆಟ್ ಹುಡುಗ (ಹುಬ್ಬಳ್ಳಿ):

ಅಕ್ಕಾರ, ಮೊದಲು ಅಡ್ವಾನ್ಸ್ ಶುಭಾಶಯ! ಯಾವುದನ್ನೂ ಬಿಡಬೇಡಿ, ಎಲ್ಲ ಆಗುತ್ತದೆ. ಶುಕ್ರವಾರ ನಸುಕಿಗೇ ದಾವಣಗೆರೆ ಬಿಡಿ. ಶಿರಸಿಯಲ್ಲಿ ಮಾರಿಕಾಂಬೆ ದರ್ಶನ, ಸಹಸ್ರಲಿಂಗ, ಸೋಂದಾ, ಸಂಜೆ ಉಂಚಳ್ಳಿ. ಶನಿವಾರ ಯಾಣ, ವಿಭೂತಿ ಜಲಪಾತ, ಹಾಗೇ ಘಟ್ಟ ಇಳಿದು ಮಿರ್ಜಾನ್ ಕೋಟೆ, ಓಂ ಬೀಚಿನಲ್ಲಿ ಸೂರ್ಯಾಸ್ತ, ರಾತ್ರಿ ಕಾರವಾರದಲ್ಲಿ ಮೀನೂಟ. ಭಾನುವಾರ ಟಾಗೋರ್ ಬೀಚ್, ಯುದ್ಧನೌಕೆ ಮ್ಯೂಸಿಯಂ ನೋಡಿ, ಮುರ್ಡೇಶ್ವರ, ಜೋಗ ಮುಗಿಸಿ ಮನೆ. ನಾವು ಹುಡುಗರು ಬೈಕಿನಲ್ಲಿ ಹೀಗೇ ಮಾಡಿದ್ದೇವೆ. ಸ್ವಲ್ಪ ಟೈಟ್ ಆಗುತ್ತದೆ, ಆದರೆ ಏನೂ ಮಿಸ್ ಆಗಲ್ಲ. ಅಣ್ಣಾರಿಗೆ ಹೇಳಿ, ನಿದ್ದೆ ಊರಿಗೆ ಬಂದಮೇಲೂ ಮಾಡಬಹುದು.

ಘಟ್ಟದ ಸ್ಟೇರಿಂಗ್ (ಶಿರಸಿ):

ತಂಗಿ, ನಾನು ಶಿರಸಿ ಡಿಪೋದಲ್ಲಿ ಬಸ್ ಓಡಿಸಿ ರಿಟೈರ್ ಆದವನು. ಮೇಲಿನ ತಮ್ಮ ಕೊಟ್ಟ ಪಟ್ಟಿ ನಮ್ಮ ಡ್ಯೂಟಿ ಚಾರ್ಟ್ ಇದ್ದ ಹಾಗೇ ಇದೆ. ನಮಗಾದರೆ ಓವರ್‌ಟೈಮ್ ಸಿಗುತ್ತಿತ್ತು.

ಮೊದಲು ಒಂದನ್ನು ತೀರ್ಮಾನ ಮಾಡಿ. ಘಟ್ಟದ ಮೇಲೋ, ಘಟ್ಟದ ಕೆಳಗೋ? ಎರಡು ರಾತ್ರಿಯಲ್ಲಿ ಎರಡೂ ಬೇಡ. ಶಿರಸಿಯಿಂದ ಕುಮಟಾ ನಕಾಶೆಯಲ್ಲಿ 60 ಕಿಲೋಮೀಟರ್ ಹತ್ತಿರ ಕಾಣುತ್ತದೆ. ನಡುವೆ ದೇವಿಮನೆ ಘಟ್ಟ ಇದೆ. ಆ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ನಡೆದಿದೆ. ಕೆಲವು ಕಾಲ ಸಂಚಾರವನ್ನೇ ಬಂದ್ ಮಾಡಿದ್ದೂ ಉಂಟು. ಹೋಗಲೇಬೇಕು ಅಂದರೆ ಹಿಂದಿನ ದಿನ ಶಿರಸಿಯಲ್ಲಿ ಯಾವುದಾದರೂ ಬಸ್ ಕಂಡಕ್ಟರ್ ಹತ್ತಿರ ವಿಚಾರಿಸಿ. ಫೋನಿನ ಮ್ಯಾಪಿಗಿಂತ ಅವರಿಗೆ ಗೊತ್ತಿರುತ್ತದೆ. ಸುತ್ತು ಹಾಕಿ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲಾ ಮೇಲೂ ಇಳಿಯಬಹುದು, ಆದರೆ ಅದು ಲಾರಿಗಳ ದಾರಿ. ಅದಿರು ಇಲ್ಲದಿದ್ದರೂ ಲಾರಿ ಇದ್ದೇ ಇರುತ್ತವೆ. ಇಳಿದು ಅರ್ಧ ಗಂಟೆ ಕಾಲು ನೆನೆಸಿ ಮತ್ತೆ ಹತ್ತಿ ಬರುವುದಕ್ಕೆ ನಿಮ್ಮ ಯಜಮಾನರು ಒಂದು ಇಡೀ ದಿನ ಸ್ಟೇರಿಂಗ್ ತಿರುವಬೇಕು. ಮದುವೆ ದಿನ ಅವರ ಹತ್ತಿರ ಇದನ್ನು ಮಾಡಿಸಬೇಡಿ. ಘಟ್ಟದ ಮೇಲೇ ಇರಿ.

ಇನ್ನು ಮಳೆ. ದೊಡ್ಡ ಮಳೆಗಾಲ ಮುಗಿದಿರುತ್ತದೆ. ಆದರೆ ಹಿಂಗಾರು ಅಂತ ಒಂದಿದೆ. ಬೆಳಗ್ಗೆ ಬಿಸಿಲು ಚೆನ್ನಾಗಿರುತ್ತದೆ, ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ, ಗುಡುಗು ಮಿಂಚಿನ ಜೊತೆ ಒಂದೆರಡು ತಾಸು ಬಾರಿಸಿ ಹೋಗುತ್ತದೆ. ದಿನಾ ಬರುತ್ತದೆ ಅಂತಿಲ್ಲ. ಆದರೂ ನೋಡುವುದನ್ನೆಲ್ಲ ಊಟಕ್ಕೆ ಮುಂಚೆ ನೋಡಿ. ಊಟದ ಮೇಲೆ ಯಜಮಾನರ ಆಸೆ ತಾನಾಗಿ ಈಡೇರುತ್ತದೆ. ಇದಕ್ಕೆ ನೀವಿಬ್ಬರೂ ಜಗಳ ಆಡುವ ಅಗತ್ಯವೇ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಜಲಪಾತ ಮತ್ತು ಸಹಸ್ರಲಿಂಗ ಎರಡೂ ಒಂದೇ ವಾರದಲ್ಲಿ ಚೆನ್ನಾಗಿರುವುದು ಕಷ್ಟ. ಲಿಂಗಗಳನ್ನು ಕೆತ್ತಿರುವುದು ಶಾಲ್ಮಲಾ ನದಿಯ ಒಳಗಿನ ಬಂಡೆಗಳ ಮೇಲೆ. ಸೋದೆ (ಸೋಂದಾ) ಅರಸ ಸದಾಶಿವರಾಯನ ಕಾಲದ್ದು ಅನ್ನುತ್ತಾರೆ, 1678ರಿಂದ 1718ರ ನಡುವೆ. ನೀರು ಇಳಿದರೆ ತಾನೇ ಬಂಡೆ ಕಾಣುವುದು? ಜಲಪಾತಕ್ಕೆ ಬೇಕಾಗಿರುವುದು ಇದರ ಉಲ್ಟಾ. ನೀವು ಬರುವ ವಾರ ಜಲಪಾತದಲ್ಲಿ ಒಳ್ಳೇ ನೀರಿರುತ್ತದೆ, ಹೊಳೆಯಲ್ಲಿ ಮೇಲಿನ ಸಾಲಿನ ಲಿಂಗಗಳು ಕಂಡರೆ ಪುಣ್ಯ. ಹಿಂದಿನ ವಾರ ಜೋರು ಮಳೆ ಬಿದ್ದಿದ್ದರೆ ಅದೂ ಇಲ್ಲ. ಶಿವರಾತ್ರಿಗೆ ಬಂದವರಿಗೆ ಸಾಲು ಸಾಲಾಗಿ ಕಾಣುತ್ತವೆ, ಅವರಿಗೆ ಜಲಪಾತ ಸೊರಗಿರುತ್ತದೆ. ನೀವು ಈ ಸಲ ಜಲಪಾತ ಹಿಡಿಯಿರಿ.

ಯಾವ ಜಲಪಾತ? ಎಲ್ಲರೂ ಉಂಚಳ್ಳಿ ಅನ್ನುತ್ತಾರೆ. ಅಘನಾಶಿನಿ ನದಿ ಅಲ್ಲಿ 116 ಮೀಟರ್ ಬೀಳುತ್ತದೆ, ನಮ್ಮ ಕಡೆ ಕೆಪ್ಪಜೋಗ ಅಂತಲೂ ಹೆಸರು. ನೋಡಲು ಅದಕ್ಕೆ ಸಾಟಿ ಇಲ್ಲ, ಒಪ್ಪುತ್ತೇನೆ. ಆದರೆ ಹೆಗ್ಗರಣೆ ದಾಟಿ ಗಾಡಿ ನಿಲ್ಲಿಸಿದ ಮೇಲೆ ಕಾಡಿನೊಳಗೆ ನಡೆಯಬೇಕು, ಕೊನೆಗೆ ಮೆಟ್ಟಿಲು ಇಳಿಯಬೇಕು. ಮಳೆಗಾಲ ಕಳೆದ ಹೊಸದರಲ್ಲಿ ಮೆಟ್ಟಿಲ ಮೇಲೆ ಹಾವಸೆ ಇರುತ್ತದೆ, ಜಾರುತ್ತದೆ. ನಿಮ್ಮ ಮಂಡಿಗೆ ಅದು ಬೇಡ.

ನೀವು ಮಾಗೋಡಿಗೆ ಹೋಗಿ. ಬೇಡ್ತಿ ನದಿ ಎರಡು ಹಂತವಾಗಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತದೆ. ಗಾಡಿ ಹತ್ತಿರದವರೆಗೂ ಹೋಗುತ್ತದೆ. ಎದುರುಗಡೆ ಕಟ್ಟೆಯ ಮೇಲೆ ನಿಂತು ನೋಡುವುದು, ಕೆಳಗಿಳಿಯುವ ಪ್ರಶ್ನೆ ಇಲ್ಲ. ನೀರನ್ನು ಮುಟ್ಟಲು ಆಗುವುದಿಲ್ಲ ಅಂತ ಹುಡುಗರು ಬೇಜಾರು ಮಾಡಿಕೊಳ್ಳುತ್ತಾರೆ. ಇಪ್ಪತ್ತು ವರ್ಷ ಸಂಸಾರ ಮಾಡಿದವರಿಗೆ ದೂರದಿಂದ ನೋಡುವುದು ಸಾಕು. ಶಿರಸಿಯಿಂದ ಯಲ್ಲಾಪುರ 50 ಕಿಲೋಮೀಟರ್ ಹತ್ತಿರ, ಅಲ್ಲಿಂದ ಮಾಗೋಡು ಇನ್ನು 20ರ ಒಳಗೆ. ದಾರಿಯಲ್ಲಿ ಕವಡಿಕೆರೆ ಸಿಗುತ್ತದೆ, ದೊಡ್ಡ ಕೆರೆ, ದಂಡೆಯಲ್ಲಿ ದೇವಿ ಗುಡಿ. ಪಕ್ಕದಲ್ಲೇ ಜೇನುಕಲ್ಲು ಗುಡ್ಡ ಇದೆ. ಎಲ್ಲರೂ ಅಲ್ಲಿಗೆ ಸೂರ್ಯಾಸ್ತಕ್ಕೆ ಹೋಗುತ್ತಾರೆ. ನೀವು ಬೆಳಗ್ಗೆಯೇ ಹೋಗಿ. ಕೆಳಗೆ ಬೇಡ್ತಿ ಕಣಿವೆ ಪೂರ್ತಿ ಕಾಣುತ್ತದೆ, ಜನವೂ ಇರುವುದಿಲ್ಲ. ಇದೇ ನದಿ ಮುಂದೆ ಗಂಗಾವಳಿ ಅನ್ನಿಸಿಕೊಂಡು ಸಮುದ್ರ ಸೇರುವುದು. ಸಮುದ್ರಕ್ಕೆ ಹೋಗಲಿಲ್ಲ ಅನ್ನುವ ಕೊರಗಿದ್ದರೆ ಅಲ್ಲಿಂದಲೇ ಒಂದು ನಮಸ್ಕಾರ ಹೇಳಿ ಕಳಿಸಿ.

ವಾಪಸ್ ಬರುವ ದಾರಿಯಲ್ಲೇ ಸಹಸ್ರಲಿಂಗದ ತಿರುವು ಸಿಗುತ್ತದೆ, ಶಿರಸಿಗೆ ಸುಮಾರು 17 ಕಿಲೋಮೀಟರ್ ಮುಂಚೆ. ಮೋಡ ಇಲ್ಲದಿದ್ದರೆ ಹೋಗಿ, ತೂಗು ಸೇತುವೆ ಮೇಲೆ ನಿಂತು ನೋಡಿ ಬನ್ನಿ. ಹೊಳೆಗೆ ಮಾತ್ರ ಇಳಿಯಬೇಡಿ. ನೀರು ಕಡಿಮೆ ಇದೆ ಅನ್ನಿಸಿದರೂ ಬಂಡೆ ಜಾರುತ್ತದೆ, ಮೇಲೆಲ್ಲೋ ಮಳೆ ಬಿದ್ದಿದ್ದರೆ ನೀರು ಯಾವಾಗ ಏರಿತು ಅಂತ ತಿಳಿಯುವುದಿಲ್ಲ.

ಯಾಣ ಬಿಡಿ. "ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ" ಅನ್ನುವ ಗಾದೆ ಕೇಳಿರಬಹುದು. ಈಗ ರಸ್ತೆ ಆಗಿದೆ, ಮೊದಲಿನಷ್ಟು ಸೊಕ್ಕು ಬೇಕಿಲ್ಲ. ಆದರೂ ಭೈರವೇಶ್ವರ ಶಿಖರದ ಬುಡಕ್ಕೆ ಮೆಟ್ಟಿಲು ಹತ್ತಲೇಬೇಕು. 120 ಮೀಟರ್ ಎತ್ತರದ ಕಪ್ಪು ಬಂಡೆಯ ಕೆಳಗೆ ನಿಂತು "ಅಯ್ಯೋ ಮಂಡಿ" ಅನ್ನುವುದಕ್ಕೆ ಯಾಕೆ ಹೋಗಬೇಕು?

ಬನವಾಸಿ ಬಿಡಬೇಡಿ. ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಶಿರಸಿಯಿಂದ 23 ಕಿಲೋಮೀಟರ್ ಹತ್ತಿರ, ನಿಮ್ಮ ಊರಿನ ದಿಕ್ಕಿಗೇ ಇದೆ. ಕದಂಬರ ರಾಜಧಾನಿ, ಆದಿಕವಿ ಪಂಪ ಮನಸೋತ ಊರು ಅಂತೆಲ್ಲ ಶಾಲೆಯಲ್ಲಿ ಓದಿರುತ್ತೀರಿ. ಅಲ್ಲಿ ಹೋದಮೇಲೆ ಮಧುಕೇಶ್ವರ ದೇವಸ್ಥಾನದ ನಂದಿಯನ್ನು ಎದುರಿಗೆ ನಿಂತು ನೋಡಿ. ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಕ್ಕದ ಗುಡಿಯ ಪಾರ್ವತಿ ಕಡೆ ಅಂತ ತೋರಿಸುತ್ತಾರೆ. ಗಂಡ ಹೆಂಡತಿ ಇಬ್ಬರ ಮಾತೂ ಕೇಳಬೇಕಾದವನ ಪಾಡು ಅದು. ಸೋದೆ ಅರಸರು ಕೊಟ್ಟ ಕಲ್ಲಿನ ಮಂಚ ಇದೆ. ಕಾಲು, ಮೇಲ್ಛಾವಣಿ ಎಲ್ಲ ಕಲ್ಲೇ, ಮರದ ಕೆತ್ತನೆ ಅನ್ನಬೇಕು, ಅಷ್ಟು ನಯ. ಯಜಮಾನರಿಗೆ ಮೊದಲೇ ಹೇಳಿ, ಅದರ ಮೇಲೆ ಅಡ್ಡಾಗಲು ಬಿಡುವುದಿಲ್ಲ. ಹಿಂದೆ ವರದಾ ನದಿ ಹರಿಯುತ್ತದೆ. ಎಲ್ಲ ಸಪಾಟು ನೆಲ, ಮಂಡಿಗೆ ತೊಂದರೆ ಇಲ್ಲ. ಅಲ್ಲಿಂದ ಆನವಟ್ಟಿ, ಹಾನಗಲ್ ಮೇಲೆ ಹಾವೇರಿಗೆ ಹೋಗಿ ಹೈವೇ ಸೇರಿ. ಸಮಯ ಇದ್ದರೆ ಆನವಟ್ಟಿ ಹತ್ತಿರ ಕೋಟಿಪುರದ ಕೈಟಭೇಶ್ವರ, ಇಲ್ಲವೇ ಹಾನಗಲ್ಲಿನ ತಾರಕೇಶ್ವರ. ತಾರಕೇಶ್ವರದ ಒಳಗೆ ತಲೆ ಎತ್ತಿ ಛಾವಣಿ ನೋಡುವುದನ್ನು ಮರೆಯಬೇಡಿ. ಎರಡರಲ್ಲಿ ಒಂದೇ ಸಾಕು.

ಬಸ್ಸಿನಲ್ಲಿ ನಾನು ಬೇಕಾದಷ್ಟು ಜೋಡಿಗಳನ್ನು ಕನ್ನಡಿಯಲ್ಲಿ ನೋಡಿದ್ದೇನೆ. ಹೊಸದಾಗಿ ಮದುವೆಯಾದವರು ಯಾವ ಊರು ಬಂತು ಅಂತಲೂ ನೋಡುವುದಿಲ್ಲ. ಹಳಬರು ಹಾಗಲ್ಲ, ಕಿಟಕಿ ಪಕ್ಕ ಯಾರು ಅಂತ ಶಿರಸಿಯಿಂದ ದೇವಿಮನೆ ತನಕ ವಾದ ಮಾಡಿ, ಆಮೇಲೆ ಕಿಟಕಿ ಸಿಕ್ಕವರು ನಿದ್ದೆ ಮಾಡುತ್ತಾರೆ. ನೀವು ಹೇಗೂ ಮುಂದಿನ ಸೀಟಿನಲ್ಲಿರುತ್ತೀರಿ. ಗದ್ದೆಗಳನ್ನು ನೋಡಿಕೊಂಡು ಬನ್ನಿ. ಭೂಮಿ ಹುಣ್ಣಿಮೆ ಆಗಿ ಒಂದು ವಾರ ಆಗಿರುತ್ತದೆ. ಆ ದಿನ ಬೆಳಕು ಹರಿಯುವ ಮುಂಚೆ ರೈತರು ದೊಂದಿ ಹಿಡಿದುಕೊಂಡು, ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗುತ್ತಾರೆ, ತೆನೆ ಕಟ್ಟಿದ ಭತ್ತಕ್ಕೆ ಬಸುರಿ ಬಯಕೆ ತೀರಿಸುವ ಹಬ್ಬ. ಫಸ್ಟ್ ಟ್ರಿಪ್ಪಿನ ಬಸ್ ಓಡಿಸುವವರಿಗೆ ಮಾತ್ರ ಆ ದೊಂದಿಗಳು ಕಾಣುತ್ತಿದ್ದವು. ನಿಮಗೆ ಅದು ಸಿಗುವುದಿಲ್ಲ. ಆದರೆ ತೆನೆ ಬಾಗಿದ ಗದ್ದೆ, ಅದರ ಹಿಂದೆ ಅಡಿಕೆ ತೋಟ, ಅದರ ಹಿಂದೆ ಕಾಡು, ಇದಿಷ್ಟು ಇಡೀ ದಾರಿ ಸಿಗುತ್ತದೆ. ಟಿಕೆಟ್ ಇಲ್ಲ.

ಕಾಳಿ ದಂಡೆ (ಕಾರವಾರ):

ಡ್ರೈವರ್ ಮಾಮಾ, ನಮ್ಮ ಸಮುದ್ರಕ್ಕೆ ಗುಡ್ಡದ ಮೇಲಿನಿಂದಲೇ ನಮಸ್ಕಾರ ಕಳಿಸಿ ಅಂತೀರಲ್ಲ! ಕಾರವಾರದವಳಾಗಿ ಇದಕ್ಕೆ ಸುಮ್ನೆ ಇರಲು ಆಗುವುದಿಲ್ಲ.

ಆದರೂ ಅಕ್ಕಾ, ನಿಜ ಹೇಳುತ್ತೇನೆ. ಅಕ್ಟೋಬರ್‌ನಲ್ಲಿ ಇಲ್ಲಿ ಸೆಖೆ. ಮಳೆ ಹೋಗಿರುತ್ತದೆ, ಚಳಿ ಬಂದಿರುವುದಿಲ್ಲ, ಗಾಳಿಯಲ್ಲಿ ನೀರಿನ ಪಸೆ ಹಾಗೇ ಇರುತ್ತದೆ. ಮಧ್ಯಾಹ್ನ ಮರಳ ಮೇಲೆ ಕಾಲಿಡಲು ಆಗುವುದಿಲ್ಲ. ಮಧ್ಯಾಹ್ನ ಹೊರಗೆ ಅಡ್ಡಾಗುವ ಮನುಷ್ಯರನ್ನು ಆಗ ಇಲ್ಲಿಗೆ ಕರೆದುಕೊಂಡು ಬಂದರೆ ಎಸಿ ರೂಮಿನಿಂದ ಹೊರಗೆ ಬರುವುದೇ ಇಲ್ಲ.

ನಮ್ಮ ಕಡೆ ಡಿಸೆಂಬರ್, ಜನವರಿಯಲ್ಲಿ ಬನ್ನಿ. ಬಂದರೆ ಬರೇ ಕಾರವಾರಕ್ಕೇ ಬನ್ನಿ, ಗೋಕರ್ಣದ ಬಾಲವಾಗಿ ಬರಬೇಡಿ. ಟಾಗೋರ್ ಬೀಚ್ ಅಂತ ಬೋರ್ಡಿನ ಮುಂದೆ ಫೋಟೋ ತೆಗೆದು ಹೋಗುವವರೇ ಜಾಸ್ತಿ. ರವೀಂದ್ರನಾಥ ಟಾಗೋರ್ ಇಪ್ಪತ್ತೆರಡರ ಹುಡುಗನಾಗಿದ್ದಾಗ ಅಣ್ಣ ಸತ್ಯೇಂದ್ರನಾಥರ ಜೊತೆ ಇಲ್ಲಿ ಬಂದು ಉಳಿದಿದ್ದರು. ಅಣ್ಣ ಇಲ್ಲಿ ಜಡ್ಜ್ ಆಗಿದ್ದರು. ಅಂಥವರೇ ಅವಸರ ಮಾಡಲಿಲ್ಲ, ನಮಗೇನು? ಸಂಜೆ ಕಾಳಿ ನದಿ ಸಮುದ್ರ ಸೇರುವ ಕಡೆ ನಿಂತರೆ ದ್ವೀಪಗಳ ಹಿಂದೆ ಸೂರ್ಯ ಇಳಿಯುತ್ತಾನೆ. ಅಲ್ಲಿನ ಹಳೇ ಸೇತುವೆ 2024ರ ಆಗಸ್ಟ್ 7ರ ರಾತ್ರಿ ಕುಸಿದು ಬಿತ್ತು. ಒಂದು ಲಾರಿಯೂ ಹೊಳೆಗೆ ಬಿದ್ದಿತ್ತು, ಚಾಲಕ ಬದುಕಿಕೊಂಡ. ಆ ಸೇತುವೆ ಮೇಲೆ ನಡೆದು ಸದಾಶಿವಗಡಕ್ಕೆ ಹೋಗುತ್ತಿದ್ದವರಿಗೆ ಈಗಲೂ ಆ ಕಡೆ ನೋಡಿದರೆ ಏನೋ ಒಂಥರಾ.

ಮತ್ತೆ ಮೀನು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ನಿಷೇಧ. ಆಗಸ್ಟ್‌ನಿಂದ ಮತ್ತೆ ಶುರು. ಹಾಗಾಗಿ ಅಕ್ಟೋಬರ್‌ನಲ್ಲಿ ಬಂಗುಡೆ ಒಳ್ಳೇದೇ ಸಿಗುತ್ತದೆ, ಸುಳ್ಳು ಹೇಳಬಾರದು. ಮೀನಿಗಾಗಿಯಾದರೆ ಈಗಲೇ ಬನ್ನಿ, ಸಮುದ್ರಕ್ಕಾಗಿಯಾದರೆ ಚಳಿಗಾಲದಲ್ಲಿ ಬನ್ನಿ. ನಿಮ್ಮನೆಯವರ ಪ್ರೆಸ್ ಸೀಸನ್ ಆಗ ಅಡ್ಡ ಬರುತ್ತದೆ ಅಂದರೆ ಒಬ್ಬರೇ ಬನ್ನಿ!

ಬೆಣ್ಣೆನಗರಿ:

ಎಲ್ಲರಿಗೂ ಧನ್ಯವಾದ. ಸ್ಟೇರಿಂಗ್ ಸರ್, ನಿಮ್ಮ ಉತ್ತರವನ್ನು ನಮ್ಮನೆಯವರು ಪ್ರೆಸ್ಸಿನಲ್ಲಿ ಕೂತು ಜೋರಾಗಿ ಓದಿದರಂತೆ. "ಊಟದ ಮೇಲೆ ಯಜಮಾನರ ಆಸೆ ತಾನಾಗಿ ಈಡೇರುತ್ತದೆ" ಅನ್ನುವ ಸಾಲನ್ನು ಫೋಟೋ ತೆಗೆದು ನನಗೇ ಕಳಿಸಿದ್ದಾರೆ. ಮಾಗೋಡು, ಬನವಾಸಿ ಗಟ್ಟಿ. ಸಹಸ್ರಲಿಂಗ ಆಕಾಶ ನೋಡಿ. ಯಾಣ ಬಿಟ್ಟಿದ್ದು ಸ್ವಲ್ಪ ಬೇಜಾರು, ಇರಲಿ. ಕಾಳಿ ದಂಡೆಯವರೇ, ಒಬ್ಬಳೇ ಬರುವ ಐಡಿಯಾ ನನಗೆ ತುಂಬಾ ಹಿಡಿಸಿತು. ಅದನ್ನು ಮಾತ್ರ ಅವರಿಗೆ ಓದಿ ಹೇಳಿಲ್ಲ.

ಇನ್ನು ಉಳಿದಿರುವುದು ಜಾಗ. ತೋಟದ ಮನೆಯ ಹೋಂಸ್ಟೇ ಆಗಲಿ ಅಂತ ಇಬ್ಬರೂ ಒಪ್ಪಿದ್ದೇವೆ. ಫೋನ್ ಮಾಡಿದಾಗ ಏನೇನು ಕೇಳಬೇಕು? ಉಂಬಳ (ಜಿಗಣೆ) ಆ ಹೊತ್ತಿಗೂ ಇರುತ್ತವಾ? ಮತ್ತೆ ಇವರಿಗೆ ಸಂಜೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದಿದ್ದರೆ ದಿನ ಮುಗಿದ ಹಾಗೇ ಆಗುವುದಿಲ್ಲ. ಅಲ್ಲಿ ಊಟ ತಿಂಡಿ ಹೇಗೆ?

ಮೆಟ್ಟುಗತ್ತಿ (ಶಿರಸಿ ತಾಲೂಕು):

ಅಕ್ಕಾ, ನಮ್ಮದು ಅಡಿಕೆ ತೋಟದ ಮನೆ. ನಮ್ಮಲ್ಲಿ ಹೋಂಸ್ಟೇ ಇಲ್ಲ, ಪಕ್ಕದ ಊರಲ್ಲಿ ನಮ್ಮ ನೆಂಟರದ್ದಿದೆ, ಅಲ್ಲಿ ಅಡುಗೆಗೆ ಕೈ ಜೋಡಿಸುತ್ತೇನೆ. ಹಾಗಾಗಿ ಬರುವವರು ಏನು ಕೇಳದೆ ಬಂದು ಕಷ್ಟಪಡುತ್ತಾರೆ ಅಂತ ಚೆನ್ನಾಗಿ ಗೊತ್ತು.

ಮೊದಲು ಕೇಳಬೇಕಾದ್ದು: ಕಾರು ಅಂಗಳದ ತನಕ ಬರುತ್ತದಾ? ನಮ್ಮ ಕಡೆ ಅಡಿಕೆ ತೋಟ ಇರುವುದು ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ, ನೀರು ಇರುವ ಕಡೆ. ಮನೆಯೂ ಅದರ ತಲೆಯ ಮೇಲೆಯೇ ಇರುತ್ತದೆ. ಎಷ್ಟೋ ಮನೆಗೆ ಗಾಡಿ ಮೇಲೆ ನಿಲ್ಲಿಸಿ ಇಳಿಜಾರಿನಲ್ಲಿ ನಡೆದು ಹೋಗಬೇಕು. ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ, ಮಂಡಿಗೆ ಗೊತ್ತಾಗುತ್ತದೆ. ಕೊನೆಯ ದಾರಿ ಮಣ್ಣಿನದಾ, ಸಣ್ಣ ಕಾರಿನ ಹೊಟ್ಟೆ ತಾಗುತ್ತದಾ ಅಂತಲೂ ಕೇಳಿ. ಮಳೆಗಾಲ ಕಳೆದ ಮೇಲೆ ರಸ್ತೆ ಸರಿ ಮಾಡಿಸುವುದು ದೀಪಾವಳಿ ನಂತರವೇ ಹೆಚ್ಚು.

ಬಚ್ಚಲು ಕೋಣೆಗೆ ಅಂಟಿಕೊಂಡಿದೆಯಾ ಕೇಳಿ. ಬಿಸಿನೀರಿನ ಚಿಂತೆ ಬೇಡ. ಬಹಳ ಮನೆಗಳಲ್ಲಿ ಈಗಲೂ ಹಂಡೆ ಒಲೆ ಇದೆ, ಅಡಿಕೆ ಸಿಪ್ಪೆ ಹಾಕಿ ಉರಿ ಮಾಡುತ್ತೇವೆ. ಕರೆಂಟ್ ಹೋದರೂ ನೀರು ಬಿಸಿ. ಕರೆಂಟ್ ಹೋಗುತ್ತದೆ, ಅದನ್ನು ಹೇಳಿಯೇ ಬಿಡುತ್ತೇನೆ. ಒಂದು ಗುಡುಗು ಬಂದರೆ ಸಾಕು. ಫೋನ್ ಸಿಗ್ನಲ್ ಕೂಡ ಅಂಗಳದ ಯಾವುದೋ ಒಂದು ಮೂಲೆಯಲ್ಲಿ ಸಿಗುತ್ತದೆ. ಮಗಳಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಅವಳೇ ಗಾಬರಿಯಾಗುತ್ತಾಳೆ.

ದರ ಸಾಮಾನ್ಯವಾಗಿ ತಲೆಗೆ ಇಷ್ಟು ಅಂತ, ಊಟ ತಿಂಡಿ ಸೇರಿ. ಬಹುತೇಕ ಹವ್ಯಕರ ಮನೆಗಳು, ಸಸ್ಯಾಹಾರ. ಬೆಳಗ್ಗೆ ತೆಳ್ಳೇವು ಅಂದರೆ ತೆಳು ದೋಸೆ, ಜೊತೆಗೆ ಜೋನಿ ಬೆಲ್ಲ, ತುಪ್ಪ. ಮಳೆಗಾಲದ ಮೊಗೆಕಾಯಿಗಳನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ನೇತುಹಾಕಿರುತ್ತೇವೆ, ಅದರ ತೆಳ್ಳೇವು ಸಿಕ್ಕರೆ ಬಿಡಬೇಡಿ. ಮಧ್ಯಾಹ್ನ ತಂಬುಳಿ ಇರಲೇಬೇಕು. ಅಪ್ಪೆಹುಳಿ ಕೇಳಿ ಮಾಡಿಸಿಕೊಳ್ಳಿ. ಹಸಿ ಮಾವಿನಕಾಯಿ ಕಾಲ ಅಲ್ಲ, ಉಪ್ಪಿನಲ್ಲಿ ಹಾಕಿಟ್ಟ ಕಾಯಿಯಿಂದ ಮಾಡುತ್ತೇವೆ. ಅದನ್ನು ಊಟದ ಕೊನೆಗೆ ಲೋಟದಲ್ಲಿ ಕುಡಿದರೆ ಯಜಮಾನರಿಗೆ ಹೇಳದೆಯೇ ನಿದ್ದೆ ಬರುತ್ತದೆ. ಸಂಜೆ ಕಷಾಯ, ಹಲಸಿನ ಹಪ್ಪಳ ಕೊಡುತ್ತಾರೆ. ಮಂಡಕ್ಕಿ ಬೇಕೇ ಬೇಕು ಅಂದರೆ ಒಂದು ಪಾಕೀಟು ಊರಿನಿಂದ ತನ್ನಿ, ಅಡುಗೆ ಮನೆಯಲ್ಲಿ ಒಗ್ಗರಣೆ ಹಾಕಿ ಕೊಡಲು ಯಾರೂ ಬೇಡ ಅನ್ನುವುದಿಲ್ಲ. ನಮಗೂ ಸ್ವಲ್ಪ ಕೊಡಿ.

ಉಂಬಳ ಕಡಿಮೆಯಾಗಿರುತ್ತವೆ, ಪೂರ್ತಿ ಹೋಗಿರುವುದಿಲ್ಲ. ಮಳೆ ಬಿದ್ದ ಮರುದಿನ ತೋಟದೊಳಗೆ, ಕಾಡಿನ ನೆರಳಿನಲ್ಲಿ ಇರುತ್ತವೆ. ಒಂದು ಚಿಕ್ಕ ಬಟ್ಟೆಯಲ್ಲಿ ಉಪ್ಪು ಕಟ್ಟಿಟ್ಟುಕೊಳ್ಳಿ, ಹತ್ತಿದರೆ ಅದನ್ನು ಒತ್ತಿ, ಬಿಡುತ್ತದೆ. ಎಳೆದು ಕೀಳಬೇಡಿ. ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ಅದರ ಜೊಲ್ಲಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಗುಣ ಇದೆ, ಹೆದರುವ ಕಾರಣ ಇಲ್ಲ. ಪೇಟೆಯವರು ಕಿರುಚುವುದು ನೋಡಿ ನಮ್ಮ ಮನೆ ಮಕ್ಕಳಿಗೆ ಒಳ್ಳೇ ಮಜಾ.

ತೋಟ ನೋಡಲು ಹೋದರೆ ಮೇಲಿನ ದಾರಿಯಲ್ಲೇ ಓಡಾಡಿ. ಕಾಲುವೆ ದಾಟಲು ಅಡಿಕೆ ಮರದ ಸಂಕ ಹಾಕಿರುತ್ತೇವೆ. ನಾವು ತಲೆ ಮೇಲೆ ಹೊರೆ ಇಟ್ಟುಕೊಂಡು ಅದರ ಮೇಲೆ ಓಡುತ್ತೇವೆ, ನೀವು ಹಾಗೆ ಮಾಡಲು ಹೋಗಬೇಡಿ.

ನೀವು ಬರುವ ವಾರ ಒಳ್ಳೇ ವಾರ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ಇನ್ನೂ ಶುರುವಾಗಿರುವುದಿಲ್ಲ. ಶುರುವಾದರೆ ಅಂಗಳ ತುಂಬಾ ಅಡಿಕೆ, ರಾತ್ರಿ ತನಕ ಸುಲಿಯುವವರ ಮಾತು, ಮನೆಯವರಿಗೆ ನಿಮ್ಮ ಜೊತೆ ಕೂತು ಮಾತಾಡಲು ಪುರುಸೊತ್ತು ಇರುವುದಿಲ್ಲ. ದೊಡ್ಡಹಬ್ಬದ, ಅಂದರೆ ದೀಪಾವಳಿಯ ವಾರ ಮಾತ್ರ ಯಾರೂ ಕೋಣೆ ಕೊಡುವುದಿಲ್ಲ, ಮಕ್ಕಳು ಮೊಮ್ಮಕ್ಕಳು ಬೆಂಗಳೂರಿನಿಂದ ಬಂದಿರುತ್ತಾರೆ. ಅದಕ್ಕೇ ತಾರೀಕು ಸರಿಯಾಗಿ ನೋಡಿ ಇವತ್ತೇ ಫೋನ್ ಮಾಡಿ. ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಮಾಡಬೇಡಿ, ಇಲ್ಲಿಯೂ ಎಲ್ಲರೂ ಅಡ್ಡಾಗಿರುತ್ತಾರೆ.

ಬುಲೆಟ್ ಹುಡುಗ:

ಹೋಗಲಿ ಬಿಡಿ, ಜೋಗ ಒಂದಾದರೂ ಸೇರಿಸಿಕೊಳ್ಳಿ ಅಕ್ಕಾರ...

ಘಟ್ಟದ ಸ್ಟೇರಿಂಗ್:

ತಮ್ಮಾ, ನೀನು ಸುಮ್ನಿರು. ಜೋಗಕ್ಕೂ ಮೆಟ್ಟಿಲಿಲ್ಲದೆ ನೋಡುವ ಜಾಗ ಇದೆ, ಆದರೆ ಶಿರಸಿಯಿಂದ ಅದು ಬೇರೆ ದಿಕ್ಕು. ನಿನ್ನ ಮದುವೆಯಾದ ಮೇಲೆ ನೀನು ಕರೆದುಕೊಂಡು ಹೋಗು.

ತಂಗಿ, ಶುಕ್ರವಾರ ದಾವಣಗೆರೆಯನ್ನು ಎಂಟಕ್ಕೆ ಬಿಟ್ಟರೂ ಸಾಕು. ಹಾವೇರಿ, ಹಾನಗಲ್ ಮೇಲೆ ಸುಮಾರು 150 ಕಿಲೋಮೀಟರ್. ನಡುವೆ ಎಲ್ಲಾದರೂ ತಿಂಡಿ ತಿಂದು ಮಧ್ಯಾಹ್ನದ ಊಟದ ಹೊತ್ತಿಗೆ ಶಿರಸಿ. ಮಾರಿಕಾಂಬಾ ದೇವಸ್ಥಾನ ಪೇಟೆಯೊಳಗೇ ಇದೆ. ಜಾತ್ರೆ ಎರಡು ವರ್ಷಕ್ಕೊಮ್ಮೆ ಬೇಸಿಗೆಯ ಹೊತ್ತಿಗೆ, ಆಗ ಬಂದರೆ ಕ್ಯೂ. ಈಗ ಶುಕ್ರವಾರವೊಂದು ಬಿಟ್ಟರೆ ಅಷ್ಟು ಜನ ಇರುವುದಿಲ್ಲ, ಅದಕ್ಕೆ ಶನಿವಾರ ವಾಪಸ್ ಬರುವಾಗ ಹೋಗಿ. ಗೋಡೆಯ ಮೇಲಿನ ಕಾವಿ ಚಿತ್ರಗಳನ್ನು ಪ್ರೆಸ್ಸಿನವರು ನೋಡಲೇಬೇಕು. ಕೆಂಪು, ಬಿಳಿ ಎರಡೇ ಬಣ್ಣದಲ್ಲಿ ಏನೆಲ್ಲ ಮಾಡಬಹುದು ಅಂತ ತಿಳಿಯುತ್ತದೆ.

ಮನೆಗೆ ಒಯ್ಯಲು ತೊಡದೇವು (ಕಾಗದದಷ್ಟು ತೆಳುವಾದ ಸಿಹಿ ತಿಂಡಿ), ಅಪ್ಪೆಮಿಡಿ ಉಪ್ಪಿನಕಾಯಿ ಟಿ.ಎಸ್.ಎಸ್. ಸೂಪರ್ ಮಾರ್ಕೆಟ್‌ನಲ್ಲಿ ನೋಡಿ, ಅಡಿಕೆ ಬೆಳೆಗಾರರ ಸೊಸೈಟಿ ಅದು, 1923ರದ್ದು. ತೊಡದೇವನ್ನು ಡಿಕ್ಕಿಯಲ್ಲಿ ಚೀಲದ ಕೆಳಗೆ ಇಡಬೇಡಿ, ಪುಡಿಯಾಗುತ್ತದೆ. ತೊಡೆಯ ಮೇಲೆ ಇಟ್ಟುಕೊಳ್ಳಿ.

ಹೋಂಸ್ಟೇ ಒಳಗಿನ ರಸ್ತೆಯಲ್ಲಿದ್ದರೆ ಸಂಜೆ ಆರರೊಳಗೆ ಸೇರಿಕೊಳ್ಳಿ. ಕತ್ತಲಾದ ಮೇಲೆ ತಿರುವುಗಳಲ್ಲಿ ದನ ಮಲಗಿರುತ್ತವೆ, ಕೆಲವು ಕಡೆ ಮಂಜೂ ಇಳಿಯುತ್ತದೆ. ಪೆಟ್ರೋಲ್ ಶಿರಸಿ ಪೇಟೆಯಲ್ಲೇ ತುಂಬಿಸಿ, ಮಾಗೋಡಿನ ಕಡೆ ಹೋದಮೇಲೆ ಹುಡುಕಬೇಡಿ. ಸ್ಟೆಪ್ನಿಗೆ ಗಾಳಿ ಇದೆಯಾ ಅಂತ ಗುರುವಾರವೇ ನೋಡಿಸಿ.